ಹೊರುವ ಭಾರ, ಎಳೆಯುವ ಭಾರ, ತಡೆಯುವ ಭಾರ
(ಪಿಕಪ್ ಗಾಡಿ ಮತ್ತು ಟ್ರೇಲರುಗಳ ಮಿತಿಯನ್ನು ಕುರಿತು ಬೇಸಾಯಗಾರರಿಗೆ ಕೆಲವು ಸೂಚನೆಗಳು)

ಬೆಳೆದ ಬೆಳೆಯನ್ನು ಹೊಲದಿಂದ ಕಣಕ್ಕೂ, ಕಣದಿಂದ ಮನೆಗೂ, ಮನೆಯಿಂದ ಪೇಟೆಗೂ ಸಾಗಿಸುವುದು ಬೇಸಾಯದ ಕೆಲಸಗಳಲ್ಲಿ ಕಡೆಯದಾದರೂ ಕಡಿಮೆಯದಲ್ಲ. ವರ್ಷವಿಡೀ ಪಟ್ಟ ಶ್ರಮದ ಫಲವು ರೈತನ ಕೈಸೇರುವುದು ಈ ಸಾಗಣೆಯು ಕ್ಷೇಮವಾಗಿ ಮುಗಿದ ಬಳಿಕವೇ. ಹಿಂದೆ ಈ ಕೆಲಸವನ್ನೆಲ್ಲಾ ಜೋಡೆತ್ತಿನ ಗಾಡಿಗಳು ನಿರ್ವಹಿಸುತ್ತಿದ್ದುವು. ಈಗಲಾದರೋ ಕೋಲಾರದ ಸೀಮೆಯ ಟೊಮ್ಯಾಟೊ ಪಿಕಪ್ ಗಾಡಿಗಳಲ್ಲಿ ಮಾರುಕಟ್ಟೆಗೆ ಬರುತ್ತದೆ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬು ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಟ್ರೇಲರುಗಳಲ್ಲಿ ಕಾರ್ಖಾನೆಗೆ ಹೋಗುತ್ತದೆ. ಕೆರೆಗೋಡು, ಗೊಬ್ಬರ, ಇಟ್ಟಿಗೆ, ಮರಳು ಮೊದಲಾದವೂ ಹೀಗೆಯೇ ಸಾಗುತ್ತವೆ. ಇದರಿಂದ ಕಾಲವೂ ಶ್ರಮವೂ ಉಳಿದಿರುವುದರಲ್ಲಿ ಸಂದೇಹವಿಲ್ಲ.

ಆದರೆ ಎತ್ತಿಗೂ ಇಂಜಿನಿಗೂ ಒಂದು ಮುಖ್ಯವಾದ ಭೇದವುಂಟು. ಶಕ್ತಿಗೆ ಮೀರಿದ ಹೊರೆಯನ್ನೇರಿಸಿದರೆ ಎತ್ತು ನಿಂತುಬಿಡುವುದು, ಇಲ್ಲವೆ ಮಲಗಿಬಿಡುವುದು. ತನ್ನ ಮಿತಿಯನ್ನು ತಾನೇ ಒಡೆಯನಿಗೆ ತಿಳಿಸಿಬಿಡುವುದು. ಇಂಜಿನು ಹಾಗಲ್ಲ. ಅದು ಅಚ್ಚು ಮುರಿಯುವವರೆಗೂ, ಟೈರು ಸಿಡಿಯುವವರೆಗೂ, ಇಳಿಜಾರಿನಲ್ಲಿ ಬ್ರೇಕು ಸೋಲುವವರೆಗೂ ಎಳೆಯುತ್ತಲೇ ಇರುವುದು. ಆದಕಾರಣ ಎತ್ತು ಹೇಳುತ್ತಿದ್ದ ಮಾತನ್ನು ಈಗ ಗಾಡಿಯ ಒಡೆಯನೇ ಲೆಕ್ಕ ಹಾಕಿ ತಿಳಿದುಕೊಳ್ಳಬೇಕಾಗಿದೆ. "ನಮ್ಮ ಗಾಡಿ ಎಳೆಯಿತು, ಆದ್ದರಿಂದ ಭಾರ ಹೆಚ್ಚಾಗಿಲ್ಲ" ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕೇಳಬರುತ್ತದೆ. ಈ ಮಾತು ಸರಿಯಲ್ಲ. ಹೊರುವ ಶಕ್ತಿ ಒಂದು, ಎಳೆಯುವ ಶಕ್ತಿ ಮತ್ತೊಂದು, ತಡೆದು ನಿಲ್ಲಿಸುವ ಶಕ್ತಿ ಇನ್ನೊಂದು. ಈ ಮೂರರಲ್ಲಿ ಯಾವುದು ಅತ್ಯಲ್ಪವೋ ಅದೇ ಆ ಗಾಡಿಯ ನಿಜವಾದ ಮಿತಿಯೆಂದು ತಿಳಿಯತಕ್ಕದ್ದು.

ತಿಳಿದಿರಬೇಕಾದ ತೂಕಗಳು

ಲೆಕ್ಕಕ್ಕೆ ತೊಡಗುವುದಕ್ಕೆ ಮುಂಚೆ ಕೆಲವು ತೂಕಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ.

ಮೊದಲನೆಯದು ಬರಿಗಾಡಿಯ ತೂಕ. ಇದು ಗಾಡಿಯ ನೋಂದಣಿ ಪತ್ರದಲ್ಲಿ ನಮೂದಾಗಿರುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಈ ತೂಕದಲ್ಲಿ ಗಾಡಿಯೊಡನೆ ಸಾಮಾನ್ಯವಾಗಿರುವ ಸಲಕರಣೆಗಳು ಸೇರುವುವು; ಚಾಲಕನಾಗಲಿ ಅವನ ಸಹಾಯಕನಾಗಲಿ ಸೇರುವುದಿಲ್ಲ. ಎರಡನೆಯದು ಪೂರ್ಣಭಾರ, ಎಂದರೆ ಗಾಡಿ, ಜನ, ಸರಕು ಎಲ್ಲಾ ಸೇರಿ ಆಗಬಹುದಾದ ಗರಿಷ್ಠ ತೂಕ. ಈ ಎರಡಕ್ಕೂ ಇರುವ ವ್ಯತ್ಯಾಸವೇ ಹೊರೆಮಿತಿ.

ಮೂರನೆಯದು ಅಚ್ಚಿನ ಮಿತಿ. ಮುಂದಿನ ಅಚ್ಚು ಎಷ್ಟನ್ನು ಹೊರಬಲ್ಲದು, ಹಿಂದಿನ ಅಚ್ಚು ಎಷ್ಟನ್ನು ಹೊರಬಲ್ಲದು ಎಂಬುದನ್ನು ತಯಾರಕರು ಬೇರೆ ಬೇರೆಯಾಗಿಯೇ ಗೊತ್ತುಪಡಿಸಿರುವರು. ಒಟ್ಟು ತೂಕವು ಮಿತಿಯೊಳಗಿದ್ದರೂ ಸರಕೆಲ್ಲವೂ ಹಿಂದಕ್ಕೆ ಸೇರಿದ್ದರೆ ಹಿಂದಿನ ಅಚ್ಚಿನ ಮಿತಿ ಮೀರಿರಬಹುದು. ನಾಲ್ಕನೆಯದು ಎಳೆತದ ಮಿತಿ. ಇದು ಹಿಂದೆ ಕಟ್ಟಬಹುದಾದ ಟ್ರೇಲರು ಮತ್ತು ಅದರ ಸರಕಿನ ಒಟ್ಟು ತೂಕ. ಐದನೆಯದು ಜೋಡಿತೂಕ, ಎಳೆಯುವ ಗಾಡಿ, ಎಳೆಯಲ್ಪಡುವ ಗಾಡಿ, ಎರಡರಲ್ಲಿಯೂ ಇರುವ ಜನ ಮತ್ತು ಸರಕು, ಇವೆಲ್ಲವೂ ಸೇರಿದ ಮೊತ್ತ.

ಹೊರೆಮಿತಿಯ ಲೆಕ್ಕ

ಉದಾಹರಣೆಗಾಗಿ ಒಂದು ಪಿಕಪ್ ಗಾಡಿಯನ್ನು ತೆಗೆದುಕೊಳ್ಳೋಣ. ಅದರ ಪೂರ್ಣಭಾರ 2,900 ಕಿಲೋಗ್ರಾಂ, ಬರಿಗಾಡಿಯ ತೂಕ 1,650 ಕಿಲೋಗ್ರಾಂ ಎಂದಿಟ್ಟುಕೊಂಡರೆ ಹೊರೆಮಿತಿಯು 1,250 ಕಿಲೋಗ್ರಾಂ ಆಗುವುದು. ಚಾಲಕನೂ ಮತ್ತೊಬ್ಬನೂ ಕುಳಿತರೆ ಸುಮಾರು 140 ಕಿಲೋಗ್ರಾಂ ಅಲ್ಲಿಯೇ ಕಳೆಯುವುದು. ಉಳಿದದ್ದು 1,110 ಕಿಲೋಗ್ರಾಂ ಮಾತ್ರ. ಟೊಮ್ಯಾಟೊ ಕ್ರೇಟಿನಲ್ಲಿ 15 ಕಿಲೋಗ್ರಾಂ ಹಣ್ಣೂ, ಬರಿಯ ಕ್ರೇಟಿನದೇ ಒಂದೂವರೆ ಕಿಲೋಗ್ರಾಂ ತೂಕವೂ ಇದ್ದರೆ ಪ್ರತಿಯೊಂದಕ್ಕೂ ಹದಿನಾರೂವರೆ ಕಿಲೋಗ್ರಾಂ ಆಯಿತು. ಹೀಗೆ ಈ ಗಾಡಿಯಲ್ಲಿ 67 ಕ್ರೇಟುಗಳನ್ನು ಮಾತ್ರ ಏರಿಸಬಹುದು. ಜಾಗವಿದೆಯೆಂದು 100 ಕ್ರೇಟುಗಳನ್ನು ಜೋಡಿಸಿದರೆ ಮಿತಿಗಿಂತ 540 ಕಿಲೋಗ್ರಾಂ ಹೆಚ್ಚಾಗುವುದು. ಕಣ್ಣಿಗೆ ಅದು ಎರಡು ಮೂರು ಸಾಲು ಕ್ರೇಟುಗಳಂತೆ ಮಾತ್ರ ಕಾಣುವುದು. ಅಚ್ಚಿಗೂ ಟೈರಿಗೂ ಬ್ರೇಕಿಗೂ ಅದು ಅರ್ಧ ಟನ್ನಿಗಿಂತ ಹೆಚ್ಚಿನ ಭಾರ.

ಚೀಲಗಳ ಎಣಿಕೆಯಿಂದಲೂ ಮೋಸಹೋಗುವುದುಂಟು. 2018ರಿಂದ ಯೂರಿಯಾ ಚೀಲವು 50 ಕಿಲೋಗ್ರಾಮಿನ ಬದಲು 45 ಕಿಲೋಗ್ರಾಮಿನದಾಗಿದೆ, ಡಿ.ಎ.ಪಿ. ಚೀಲವಾದರೋ 50 ಕಿಲೋಗ್ರಾಮಿನದು. ಮೂವತ್ತು ಚೀಲ ಯೂರಿಯಾ 1,350 ಕಿಲೋಗ್ರಾಂ ತೂಗಿದರೆ ಮೂವತ್ತು ಚೀಲ ಡಿ.ಎ.ಪಿ. 1,500 ಕಿಲೋಗ್ರಾಂ ತೂಗುವುದು. ಆದ್ದರಿಂದ ಎಷ್ಟು ಚೀಲವೆಂದು ಎಣಿಸುವುದರ ಜೊತೆಗೆ ಪ್ರತಿ ಚೀಲವೂ ಎಷ್ಟು ತೂಕವೆಂಬುದನ್ನು ನೋಡಿಕೊಳ್ಳಬೇಕು.

ಕೆಲವರು ಹಿಂದಿನ ಕಮಾನುಪಟ್ಟೆಗಳಿಗೆ ಒಂದೆರಡು ಪಟ್ಟೆಗಳನ್ನು ಹೆಚ್ಚಾಗಿ ಸೇರಿಸಿ, ಗಾಡಿಯ ಶಕ್ತಿ ಹೆಚ್ಚಿತೆಂದು ಭಾವಿಸುವರು. ಪಟ್ಟೆ ಸೇರಿಸುವುದರಿಂದ ಗಾಡಿಯು ಕುಸಿಯದೆ ಎತ್ತರವಾಗಿ ನಿಲ್ಲುವುದೇ ಹೊರತು ಅಚ್ಚು, ಬೇರಿಂಗು, ಟೈರು, ಬ್ರೇಕುಗಳ ಬಲವು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಕುಸಿಯುವ ಗಾಡಿಯು ಭಾರ ಹೆಚ್ಚಾಗಿದೆಯೆಂಬುದನ್ನು ಕಣ್ಣಿಗೆ ತೋರಿಸಿಯಾದರೂ ಕೊಡುತ್ತಿತ್ತು. ಪಟ್ಟೆ ಸೇರಿಸಿದ ಮೇಲೆ ಆ ಎಚ್ಚರಿಕೆಯೂ ಇಲ್ಲದಂತಾಗುವುದು. ಸೇರಿಸಿದ ಕಬ್ಬಿಣದ ತೂಕವಂತೂ ಹೊರೆಮಿತಿಯಿಂದಲೇ ಕಳೆಯುವುದು.

ಮೂಕಿಯ ಭಾರ

ಎತ್ತಿನ ಗಾಡಿಯನ್ನು ಹೂಡಿ ಅಭ್ಯಾಸವಿರುವವರಿಗೆ ಮುಂಭಾರ ಹಿಂಭಾರಗಳ ವಿಷಯವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಸರಕು ಅಚ್ಚಿನ ಮುಂದಕ್ಕೆ ಹೆಚ್ಚಾಗಿ ಬಿದ್ದರೆ ಮೂಕಿಯು ತಗ್ಗಿ ನೊಗವು ಎತ್ತಿನ ಹೆಗಲನ್ನು ಒತ್ತಿ ಹುಣ್ಣುಮಾಡುವುದು. ಹಿಂದಕ್ಕೆ ಹೆಚ್ಚಾಗಿ ಬಿದ್ದರೆ ಮೂಕಿಯು ಮೇಲಕ್ಕೆದ್ದು ಕೊರಳ ಹಗ್ಗವು ಎತ್ತಿನ ಉಸಿರು ಕಟ್ಟಿಸುವುದು. ಜಾಣನಾದ ಗಾಡಿಯವನು ನೊಗದ ಮೇಲೆ ಸ್ವಲ್ಪ ಮುಂಭಾರವಿರುವಂತೆ ನೋಡಿಕೊಂಡು ಹೊರೆ ಜೋಡಿಸುವನು. ಎರಡು ಚಕ್ರದ ಟ್ರೇಲರಿಗೂ ಇದೇ ಧರ್ಮ. ಟ್ರೇಲರಿನ ಮೂಕಿಯು ಎಳೆಯುವ ಗಾಡಿಯ ಕೊಂಡಿಯ ಮೇಲೆ ಸ್ವಲ್ಪ ಭಾರವನ್ನು ಊರುವುದು. ಇದನ್ನು ಮೂಕಿಯ ಭಾರವೆಂದು ಕರೆಯಬಹುದು. ಎಳೆತದ ಲೆಕ್ಕದಲ್ಲಿ ಅತ್ಯಂತ ಹೆಚ್ಚಾಗಿ ಮರೆತುಹೋಗುವ ಸಂಗತಿ ಇದೇ ಆಗಿದೆ.

ಪಿಕಪ್ ಗಾಡಿಗಳ ಹಿಂದೆ ಟ್ರೇಲರು ಕಟ್ಟುವ ಪದ್ಧತಿಯು ಅತ್ಯಂತ ವಿಸ್ತಾರವಾಗಿ ಬೆಳೆದಿರುವುದು ಅಮೆರಿಕಾ ದೇಶದಲ್ಲಿ. ಅಲ್ಲಿ ಅನೇಕ ಕುಟುಂಬಗಳು ಮಂಚ, ಅಡಿಗೆಯ ಒಲೆ, ನೀರಿನ ತೊಟ್ಟಿ ಮೊದಲಾದವುಗಳಿಂದ ಸಜ್ಜಾದ ಪ್ರವಾಸದ ಟ್ರೇಲರುಗಳನ್ನು ಪಿಕಪ್ ಗಾಡಿಗಳಿಗೆ ಕಟ್ಟಿಕೊಂಡು ದೂರದ ಊರುಗಳಿಗೆ ಹೋಗುವುದು ವಾಡಿಕೆ. ಗಾಡಿ ಮಾರುವವರು ಎಳೆತದ ಮಿತಿಯನ್ನು ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸುವರು. ಹೊರೆಮಿತಿಯಾದರೋ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಸಣ್ಣ ಚೀಟಿಯಲ್ಲಿರುವುದು. ಜನ ಮತ್ತು ಸರಕುಗಳ ಒಟ್ಟು ತೂಕವು ಇಷ್ಟನ್ನು ಎಂದಿಗೂ ಮೀರಕೂಡದೆಂದು ಆ ಚೀಟಿಯು ತಿಳಿಸುವುದು.

ಒಂದು ಲೆಕ್ಕವನ್ನು ನೋಡಿ. ಒಂದು ಪಿಕಪ್ಪಿನ ಎಳೆತದ ಮಿತಿ 4,000 ಕಿಲೋಗ್ರಾಂ, ಹೊರೆಮಿತಿ 680 ಕಿಲೋಗ್ರಾಂ ಎಂದಿರಲಿ. ಅದರ ಹಿಂದೆ ಸಾಮಾನು ತುಂಬಿದ 3,200 ಕಿಲೋಗ್ರಾಮಿನ ಪ್ರವಾಸದ ಟ್ರೇಲರನ್ನು ಕಟ್ಟಿದೆ. ಎಳೆತದ ಮಿತಿಗೆ ಇನ್ನೂ 800 ಕಿಲೋಗ್ರಾಂ ಉಳಿದಿರುವುದರಿಂದ ಒಡೆಯನು ನಿಶ್ಚಿಂತನಾಗಿರುವನು. ಆದರೆ ಇಂಥ ಟ್ರೇಲರುಗಳ ಮೂಕಿಯ ಭಾರವು ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟಿರಬೇಕೆಂಬುದು ನಿಯಮ. ನೂರಕ್ಕೆ 13ರಂತೆ ಹಿಡಿದರೆ ಅದು 416 ಕಿಲೋಗ್ರಾಂ. ಈ ಭಾರವನ್ನು ಪಿಕಪ್ಪು ಎಳೆಯುವುದಿಲ್ಲ, ಹೊರುವುದು. ಆದಕಾರಣ ಇದು ಹೊರೆಮಿತಿಯ ಲೆಕ್ಕಕ್ಕೆ ಸೇರತಕ್ಕುದು. ಗಾಡಿಯೊಳಗಿನ ನಾಲ್ವರ ತೂಕ 270 ಕಿಲೋಗ್ರಾಂ, ಕೊಂಡಿಯ ಸಲಕರಣೆ ಮತ್ತು ಕೈಸಾಮಾನು 50 ಕಿಲೋಗ್ರಾಂ. ಮೂರೂ ಸೇರಿ 736 ಕಿಲೋಗ್ರಾಂ ಆಯಿತು. ಎಳೆತದ ಮಿತಿಗೆ 800 ಕಿಲೋಗ್ರಾಂ ಬಾಕಿಯಿರುವಾಗಲೇ ಹೊರೆಮಿತಿಯು 56 ಕಿಲೋಗ್ರಾಂ ಮೀರಿಹೋಗಿದೆ. ಪಿಕಪ್ ಗಾಡಿಯಲ್ಲಿ ಸಾಮಾನ್ಯವಾಗಿ ಮೊದಲು ಮುಗಿಯುವುದು ಹೊರುವ ಶಕ್ತಿ, ಎಳೆಯುವ ಶಕ್ತಿಯಲ್ಲ.

ಟ್ರೇಲರಿನ ಬರಿತೂಕವನ್ನು ಮಾತ್ರ ನೋಡಿ ಕೊಳ್ಳುವುದೂ ಇನ್ನೊಂದು ತಪ್ಪು. ನೀರು, ಅನಿಲದ ತುಂಬುಕೊಳವೆ, ಪಾತ್ರೆಪದಾರ್ಥಗಳು ಆ ತೂಕದಲ್ಲಿ ಸೇರಿರುವುದಿಲ್ಲ. ಒಂದು ಲೀಟರು ನೀರಿಗೆ ಒಂದು ಕಿಲೋಗ್ರಾಂ. 150 ಲೀಟರಿನ ತೊಟ್ಟಿ ತುಂಬಿದರೆ ಇಬ್ಬರು ಆಳುಗಳನ್ನು ಹೆಚ್ಚಾಗಿ ಕೂರಿಸಿದಂತೆ.

ಮೊದಲು ಅಲ್ಲಿಯ ತಯಾರಕರು ಎಳೆತದ ಮಿತಿಯನ್ನು ತಮ್ಮತಮ್ಮ ರೀತಿಯಲ್ಲಿ ಗೊತ್ತುಮಾಡುತ್ತಿದ್ದರು. 2008ರಲ್ಲಿ ಎಸ್.ಎ.ಇ. ಎಂಬ ಯಂತ್ರಶಿಲ್ಪಿಗಳ ಸಂಸ್ಥೆಯು ಜೆ2807 ಎಂಬ ಏಕರೀತಿಯ ಪರೀಕ್ಷಾಕ್ರಮವನ್ನು ಪ್ರಕಟಿಸಿತು. ಆರಿಜೋನಾ ಪ್ರಾಂತದ ಡೇವಿಸ್ ಅಣೆಕಟ್ಟಿನ ಬಳಿಯ ದೀರ್ಘವಾದ ಏರುದಾರಿಯೇ ಆ ಪರೀಕ್ಷೆಗೆ ಮಾದರಿ. ಗಾಡಿಯು ಏರನ್ನು ಹತ್ತುವುದು ಮಾತ್ರವಲ್ಲದೆ ನಿಂತ ಸ್ಥಳದಿಂದ ಹೊರಡುವುದು, ತೂಗಾಡದೆ ಸಾಗುವುದು, ತಡೆದೊಡನೆ ನಿಲ್ಲುವುದು, ಇವೂ ಆ ಪರೀಕ್ಷೆಯಲ್ಲಿ ಸೇರಿವೆ. ಎಳೆಯುವ ಶಕ್ತಿಯೊಂದನ್ನೇ ನಂಬಕೂಡದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಟ್ರ್ಯಾಕ್ಟರಿನ ಮುಂಚಕ್ರಗಳು

ನಮ್ಮ ನಾಡಿನಲ್ಲಿ ಟ್ರೇಲರನ್ನು ಎಳೆಯುವ ಕೆಲಸವು ಬಹುಮಟ್ಟಿಗೆ ಟ್ರ್ಯಾಕ್ಟರಿನದು. ಗಾಡಿ ಬೇರೆಯಾದರೂ ಲೆಕ್ಕದ ನಿಯಮ ಬೇರೆಯಲ್ಲ. ಮೂಕಿಯ ಭಾರವು ಇಲ್ಲಿ ಇನ್ನೂ ಹೆಚ್ಚಿನ ಅಪಾಯವನ್ನು ತರಬಲ್ಲದು. ಪಿಕಪ್ಪು ಸರಕನ್ನು ಹೊರುವುದಕ್ಕಾಗಿಯೇ ನಿರ್ಮಿತವಾದುದು. ಟ್ರ್ಯಾಕ್ಟರಾದರೋ ತನ್ನ ಮೇಲೆ ಸರಕನ್ನು ಹೊರುವುದಕ್ಕಾಗಿ ನಿರ್ಮಿತವಾದುದಲ್ಲವೆಂದು ಕಾಯಿದೆಯ ವ್ಯಾಖ್ಯೆಯೇ ಹೇಳುತ್ತದೆ.

ಸುಮಾರು 2,000 ಕಿಲೋಗ್ರಾಂ ತೂಕದ ಒಂದು ಟ್ರ್ಯಾಕ್ಟರಿನಲ್ಲಿ 750 ಕಿಲೋಗ್ರಾಂ ಮುಂಚಕ್ರಗಳ ಮೇಲೂ 1,250 ಕಿಲೋಗ್ರಾಂ ಹಿಂಚಕ್ರಗಳ ಮೇಲೂ ಇರುವುದೆಂದು ಭಾವಿಸಿ. ಎರಡು ಅಚ್ಚುಗಳ ನಡುವಣ ದೂರ 2 ಮೀಟರು, ಕೊಂಡಿಯು ಹಿಂದಿನ ಅಚ್ಚಿನಿಂದ 80 ಸೆಂಟಿಮೀಟರು ಹಿಂದಕ್ಕಿರಲಿ. ಎರಡು ಚಕ್ರದ ಟ್ರೇಲರಿನ ಮೂಕಿಯು ಕೊಂಡಿಯ ಮೇಲೆ 750 ಕಿಲೋಗ್ರಾಂ ಭಾರವನ್ನು ಊರಿದರೆ ಹಿಂದಿನ ಅಚ್ಚು ತಕ್ಕಡಿಯ ನಡುಗೂಟದಂತಾಗಿ, ಮುಂಚಕ್ರಗಳಿಂದ 300 ಕಿಲೋಗ್ರಾಂ ಎತ್ತಿಹೋಗುವುದು. ಹಿಂಚಕ್ರಗಳ ಮೇಲಾದರೋ 750 ಅಲ್ಲ, 1,050 ಕಿಲೋಗ್ರಾಂ ಹೆಚ್ಚಾಗಿ ಬೀಳುವುದು. ಮುಂದೆ ಉಳಿದದ್ದು 450 ಕಿಲೋಗ್ರಾಂ. ಚುಕ್ಕಾಣಿಯು ಮಾತು ಕೇಳಬೇಕಾದರೆ ಟ್ರ್ಯಾಕ್ಟರಿನ ತೂಕದಲ್ಲಿ ಐದನೆಯ ಒಂದು ಪಾಲಾದರೂ ಮುಂಚಕ್ರಗಳ ಮೇಲಿರಬೇಕೆಂಬುದು ಸ್ಥೂಲವಾದ ನಿಯಮ. ಈ ಟ್ರ್ಯಾಕ್ಟರಿಗೆ ಅದು 400 ಕಿಲೋಗ್ರಾಂ. ಮಟ್ಟಸವಾದ ನೆಲದಲ್ಲಿ ಹೇಗೋ ನಡೆಯಿತು. ಏರುದಾರಿಯಲ್ಲಿ ಎಳೆತವೂ ಇಳಿಜಾರೂ ಸೇರಿ ಮುಂಭಾಗವನ್ನು ಇನ್ನಷ್ಟು ಹಗುರಮಾಡುವುವು. ಮೂಕಿಯ ಭಾರವು 1,000 ಕಿಲೋಗ್ರಾಮಿಗೆ ಏರಿದರಂತೂ ಮಟ್ಟಸವಾದ ನೆಲದಲ್ಲಿಯೇ ಮುಂದೆ 350 ಕಿಲೋಗ್ರಾಂ ಮಾತ್ರ ಉಳಿಯುವುದು. ಚಕ್ರ ತಿರುಗಿಸಿದರೂ ಟ್ರ್ಯಾಕ್ಟರು ತಿರುಗದೆ ನೇರವಾಗಿ ಹಳ್ಳಕ್ಕೋ ಕಾಲುವೆಗೋ ಇಳಿಯುವುದು ಈ ಕಾರಣದಿಂದಲೇ.

ಕೊಂಡಿಯ ಎತ್ತರವೂ ಅಷ್ಟೇ ಮುಖ್ಯ. ಕೆಸರಿನಲ್ಲಿ ಹೂತ ಟ್ರೇಲರನ್ನು ಎಳೆಯುವಾಗ ಸರಪಳಿಯನ್ನು ಹಿಂದಿನ ಅಚ್ಚಿಗೋ ಮೇಲಣ ಟಾಪ್ ಲಿಂಕಿನ ಸ್ಥಾನಕ್ಕೋ ಕಟ್ಟುವ ದುರಭ್ಯಾಸವುಂಟು. ಎಳೆತವು ಅಚ್ಚಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಮೇಲಕ್ಕೆ ಬಂದರೆ ಟ್ರ್ಯಾಕ್ಟರು ಹಿಂಚಕ್ರಗಳ ಮೇಲೆ ಎದ್ದುನಿಂತು ಹಿಂದಕ್ಕೆ ಮಗುಚಿ, ಚಾಲಕನನ್ನು ತನ್ನಡಿಯಲ್ಲಿ ಸಿಕ್ಕಿಸಿಕೊಳ್ಳುವುದು. ಇದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನಡೆದುಹೋಗುವುದರಿಂದ ಕೆಳಗೆ ಹಾರಲು ಅವಕಾಶವೇ ಇರುವುದಿಲ್ಲ. ಎಳೆಯುವ ಕೊಂಡಿಯು ಯಾವಾಗಲೂ ಅಚ್ಚಿಗಿಂತ ಕೆಳಗಿರುವ, ತಯಾರಕರು ಗೊತ್ತುಮಾಡಿದ ಸ್ಥಾನದಲ್ಲಿಯೇ ಇರತಕ್ಕದ್ದು.

ಹಾಗೆಂದು ಮೂಕಿಯ ಭಾರವನ್ನು ಪೂರ್ತಿಯಾಗಿ ತಪ್ಪಿಸಲು ಸರಕನ್ನು ಹಿಂದಕ್ಕೆ ತಳ್ಳುವುದೂ ಸರಿಯಲ್ಲ. ಮೂಕಿಯು ಮೇಲಕ್ಕೊತ್ತಿದರೆ ಹಿಂಚಕ್ರಗಳ ಹಿಡಿತವು ಕಡಿಮೆಯಾಗುವುದು. ವೇಗವಾಗಿ ಹೋಗುವ ಗಾಡಿಯ ಹಿಂದೆ ಟ್ರೇಲರು ಹಾವಿನಂತೆ ತೂಗಾಡತೊಡಗುವುದು.

ಇಳಿಜಾರಿನಲ್ಲಿ ತಡೆಯುವ ಭಾರ

ಏರಿನಲ್ಲಿ ಇಂಜಿನಿನ ಪರೀಕ್ಷೆಯಾದರೆ ಇಳಿಜಾರಿನಲ್ಲಿ ಬ್ರೇಕಿನ ಪರೀಕ್ಷೆ. ಹಳ್ಳಿಗಳಲ್ಲಿರುವ ಅನೇಕ ಟ್ರೇಲರುಗಳಿಗೆ ಸ್ವಂತವಾದ ಬ್ರೇಕುಗಳಿಲ್ಲ. ಹೀಗಿರುವಲ್ಲಿ ಟ್ರೇಲರಿನ ಸಮಸ್ತ ಭಾರವನ್ನೂ ತಡೆಯುವ ಹೊಣೆಯು ಟ್ರ್ಯಾಕ್ಟರಿನ ಎರಡು ಹಿಂಚಕ್ರಗಳ ಮೇಲೆಯೇ ಬೀಳುವುದು.

ಅದೇ 2,000 ಕಿಲೋಗ್ರಾಮಿನ ಟ್ರ್ಯಾಕ್ಟರಿಗೆ ಸರಕು ಸಮೇತ 6,000 ಕಿಲೋಗ್ರಾಂ ತೂಗುವ ನಾಲ್ಕು ಚಕ್ರದ ಟ್ರೇಲರನ್ನು ಕಟ್ಟಿದೆಯೆಂದಿಟ್ಟುಕೊಳ್ಳಿ. ಹತ್ತು ಅಡಿಗೆ ಒಂದು ಅಡಿ ತಗ್ಗುವ ಇಳಿಜಾರಿನಲ್ಲಿ ಒಟ್ಟು ತೂಕದ ಹತ್ತನೆಯ ಒಂದು ಪಾಲು, ಎಂದರೆ 800 ಕಿಲೋಗ್ರಾಮಿನಷ್ಟು ಬಲವು ಗಾಡಿಯನ್ನು ಸದಾ ಕೆಳಕ್ಕೆ ನೂಕುತ್ತಿರುವುದು. ನಾಲ್ಕು ಚಕ್ರದ ಟ್ರೇಲರಿನಲ್ಲಿ ಮೂಕಿಯ ಭಾರವು ಇಲ್ಲವೆಂಬಷ್ಟು ಕಡಿಮೆಯಾದ್ದರಿಂದ ಹಿಂಚಕ್ರಗಳ ಮೇಲಿರುವುದು 1,250 ಕಿಲೋಗ್ರಾಂ ಮಾತ್ರ. ಒಣಗಿದ ಟಾರು ರಸ್ತೆಯಲ್ಲಿ ಚಕ್ರದ ಹಿಡಿತವು ಅದರ ಮೇಲಿನ ತೂಕದಲ್ಲಿ ನೂರಕ್ಕೆ 70ರಷ್ಟೆಂದು ಹಿಡಿದರೆ 875 ಕಿಲೋಗ್ರಾಂ ತಡೆ ದೊರಕುವುದು. ಇದರಲ್ಲಿ 800 ಕಿಲೋಗ್ರಾಂ ಕೇವಲ ವೇಗವು ಹೆಚ್ಚದಂತೆ ಹಿಡಿಯುವುದಕ್ಕೇ ವೆಚ್ಚವಾಗಿ, ಗಾಡಿಯನ್ನು ನಿಲ್ಲಿಸಲು ಉಳಿಯುವುದು 75 ಕಿಲೋಗ್ರಾಂ. ಗರಸು ದಾರಿಯಲ್ಲಿ ಹಿಡಿತವು ನೂರಕ್ಕೆ 40ಕ್ಕೆ ಇಳಿದರೆ ತಡೆಯು 500 ಕಿಲೋಗ್ರಾಮಿಗೆ ಇಳಿಯುವುದು. ಆಗ ಬ್ರೇಕು ಎಷ್ಟೇ ಹೊಸದಾಗಿದ್ದರೂ, ಚಾಲಕನು ಎಷ್ಟೇ ನಿಪುಣನಾಗಿದ್ದರೂ ಪ್ರಯೋಜನವಿಲ್ಲ. ಚಕ್ರಗಳು ನಿಂತರೂ ಗಾಡಿ ಜಾರುತ್ತಲೇ ಹೋಗುವುದು. ಟ್ರೇಲರು ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನು ಅಡ್ಡಲಾಗಿ ತಿರುಗಿಸಿ ಮಗುಚುವುದು. ಉರುಳುವ ಚಕ್ರಗಳ ತಡೆಯು ಸ್ವಲ್ಪ ನೆರವಾಗುವುದು ನಿಜ. ಆದರೆ ಪ್ರಾಣವನ್ನು ಅದರ ಮೇಲೆ ಒತ್ತೆಯಿಡುವುದು ವಿವೇಕವಲ್ಲ.

ಗೇರಿನಲ್ಲಿಯೇ ಇಳಿದರೆ ಇಂಜಿನು ತಡೆಯುವುದಷ್ಟೆ ಎಂದು ಕೆಲವರು ಕೇಳಬಹುದು. ಇಂಜಿನಿನ ತಡೆಯು ಬ್ರೇಕಿನ ಪಟ್ಟಿಗಳು ಕಾಯದಂತೆ ಕಾಪಾಡುವುದರಿಂದ ಅತ್ಯಂತ ಅವಶ್ಯ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರನ್ನು ಮೇಲಿನಿಂದಲೇ ಹಾಕಿಕೊಳ್ಳತಕ್ಕದ್ದು. ನ್ಯೂಟ್ರಲಿನಲ್ಲಿ ಇಳಿಯುವುದು ಎಂದಿಗೂ ಕೂಡದು. ಆದರೂ ಆ ತಡೆಯು ನೆಲಕ್ಕೆ ತಲಪುವುದು ಅದೇ ಹಿಂಚಕ್ರಗಳ ಮೂಲಕ; ಚಕ್ರದ ಹಿಡಿತದ ಮಿತಿಯನ್ನು ಅದು ಹೆಚ್ಚಿಸಲಾರದು. ಆ ಮಿತಿಯನ್ನು ಹೆಚ್ಚಿಸುವ ಉಪಾಯಗಳು ಎರಡೇ: ಟ್ರೇಲರಿನ ಚಕ್ರಗಳಿಗೂ ಬ್ರೇಕು ಇರಿಸುವುದು, ಇಲ್ಲವೆ ಹೊರೆಯನ್ನು ತಗ್ಗಿಸುವುದು.

ವೇಗದ ವಿಷಯದಲ್ಲಿಯೂ ಒಂದು ಮಾತನ್ನು ನೆನಪಿಡಬೇಕು. ವೇಗವು ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲುವ ದೂರವು ಎರಡರಷ್ಟಲ್ಲ, ನಾಲ್ಕರಷ್ಟಾಗುವುದು. ಹೊಲದಲ್ಲಿ ತಿರುವುಗಳಿಗಾಗಿ ಬೇರೆ ಬೇರೆಯಾಗಿ ತುಳಿಯುವ ಟ್ರ್ಯಾಕ್ಟರಿನ ಎಡಬಲದ ಬ್ರೇಕು ತುಳಿಗೆಗಳನ್ನು ರಸ್ತೆಗೆ ಬರುವ ಮುನ್ನ ಚಿಲಕದಿಂದ ಜೋಡಿಸತಕ್ಕದ್ದು. ಒಂದೇ ತುಳಿಗೆ ಬಿದ್ದರೆ ಟ್ರ್ಯಾಕ್ಟರು ಒಂದೇ ಕಡೆಗೆ ಗಿರ್ರನೆ ತಿರುಗುವುದು.

ಕಬ್ಬಿನ ಕಾಲದಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರುಗಳನ್ನು ಸಾಲಾಗಿ ಕಟ್ಟುವುದು ಕಂಡುಬರುತ್ತದೆ. ಮೇಲೆ ಹೇಳಿದ ಲೆಕ್ಕವು ಒಂದೇ ಟ್ರೇಲರಿನದು. ಎರಡನೆಯದನ್ನು ಕಟ್ಟಿದರೆ ನೂಕುವ ಬಲವು ಹೆಚ್ಚುವುದು. ತಡೆಯುವ ಚಕ್ರಗಳು ಮಾತ್ರ ಅವೇ ಎರಡು. ಇಂಥ ಹೊರೆಯ ಮೇಲೆಯೇ ಕಬ್ಬು ಕಡಿಯುವ ಆಳುಗಳು ಹೆಂಡಿರು ಮಕ್ಕಳೊಡನೆ ಕುಳಿತು ರಾತ್ರಿಯಲ್ಲಿ ಪ್ರಯಾಣಮಾಡುವುದುಂಟು. ಟ್ರೇಲರು ಸರಕಿಗಾಗಿ ಮಾಡಿದ್ದೇ ಹೊರತು ಜನರಿಗಾಗಿಯಲ್ಲ. ಮಗುಚಿದ ಕಬ್ಬನ್ನು ಮತ್ತೆ ತುಂಬಬಹುದು. ಅದರ ಕೆಳಗೆ ಸಿಕ್ಕಿದವರನ್ನು ಮತ್ತೆ ತರಲಾಗದು.

ಭಾರವನ್ನು ಅರಿಯುವ ಬಗೆ

ಟ್ರೇಲರಿನ ತೊಟ್ಟಿ ತುಂಬಿದ್ದರಿಂದ ಭಾರವು ತಿಳಿಯುವುದಿಲ್ಲ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ 120 ಘನ ಅಡಿ, ಎಂದರೆ ಸುಮಾರು 3.4 ಘನ ಮೀಟರು ಸರಕು ಹಿಡಿಯುವುದು. ಅಂಚಿನ ಮಟ್ಟಕ್ಕೆ ಒಣಗಿದ ಕೊಟ್ಟಿಗೆ ಗೊಬ್ಬರವನ್ನು ತುಂಬಿದರೆ ಸುಮಾರು 1.7 ಟನ್, ಬತ್ತವನ್ನು ತುಂಬಿದರೆ ಸುಮಾರು 2 ಟನ್, ನೀರಾದರೆ 3.4 ಟನ್, ಹಸಿಯಾದ ಕೆರೆಗೋಡಾದರೆ ಸುಮಾರು 6 ಟನ್ ಆಗುವುದು. ತೊಟ್ಟಿ ಒಂದೇ, ಭಾರವು ಮೂರರಷ್ಟಕ್ಕೂ ಮಿಕ್ಕಿ ವ್ಯತ್ಯಾಸವಾಗುವುದು. ಹಸಿಗೋಡನ್ನು ಹೊಡೆಯುವವರು ಅಂಚಿನ ಮಟ್ಟವನ್ನು ಮರೆತು ಅರ್ಧ ತೊಟ್ಟಿಯ ಗುರುತನ್ನು ಮಾಡಿಕೊಳ್ಳುವುದು ಲೇಸು. ಗೋಡನ್ನು ಕೆರೆಯಂಗಳದಲ್ಲಿಯೇ ಕೆಲವು ದಿನ ಒಣಗಹಾಕಿ ತುಂಬಿದರೆ ವ್ಯರ್ಥವಾಗಿ ನೀರನ್ನು ಸಾಗಿಸುವುದು ತಪ್ಪುವುದು.

ಅಂದಾಜಿಗಿಂತ ತೂಕವೇ ಮೇಲು. ಪೇಟೆ, ಕಾರ್ಖಾನೆಗಳ ಬಳಿಯಿರುವ ವೇಬ್ರಿಡ್ಜಿನಲ್ಲಿ, ಎಂದರೆ ಕಾಟಾದಲ್ಲಿ, ಸ್ವಲ್ಪ ಹಣಕ್ಕೆ ತೂಕ ಮಾಡಿಸಬಹುದು. ಕ್ರಮವು ಹೀಗೆ: ಮೊದಲು ಮುಂಚಕ್ರಗಳನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ತೂಕವನ್ನು ಬರೆದುಕೊಳ್ಳಬೇಕು. ಅನಂತರ ಟ್ರೇಲರು ಹೊರಗಿರುವಂತೆ ಎಳೆಯುವ ಗಾಡಿಯ ಎರಡು ಅಚ್ಚುಗಳನ್ನೂ ನಿಲ್ಲಿಸಬೇಕು. ಇದರಿಂದ ಮೊದಲಿನದನ್ನು ಕಳೆದರೆ ಹಿಂದಿನ ಅಚ್ಚಿನ ಭಾರ ದೊರಕುವುದು. ಟ್ರೇಲರನ್ನು ಬಿಚ್ಚಿ ಎಳೆಯುವ ಗಾಡಿಯನ್ನು ಮತ್ತೊಮ್ಮೆ ತೂಗಿದರೆ, ಕಟ್ಟಿದಾಗ ಬಂದ ತೂಕಕ್ಕೂ ಬಿಚ್ಚಿದಾಗ ಬಂದ ತೂಕಕ್ಕೂ ಇರುವ ವ್ಯತ್ಯಾಸವೇ ಮೂಕಿಯ ಭಾರ. ಒಂದೊಂದು ಬಗೆಯ ಸರಕಿಗೂ ಒಮ್ಮೆ ಹೀಗೆ ತೂಗಿಸಿ, ತಕ್ಕ ಮಟ್ಟಕ್ಕೆ ತೊಟ್ಟಿಯ ಒಳಗೋಡೆಯಲ್ಲಿ ಬಣ್ಣದ ಗೆರೆಯನ್ನು ಎಳೆದಿಟ್ಟರೆ ಮತ್ತೆ ಮತ್ತೆ ತೂಗಿಸುವ ತೊಂದರೆಯಿರದು.

ಕಾಯಿದೆಯ ಮಾತು

ನೋಂದಣಿ ಪತ್ರದಲ್ಲಿ ಕಾಣಿಸಿರುವ ಪೂರ್ಣಭಾರವನ್ನು ಮೀರಿದ ಗಾಡಿಯನ್ನಾಗಲಿ ಟ್ರೇಲರನ್ನಾಗಲಿ ನಡೆಸಕೂಡದೆಂದು 1988ರ ಕಾಯಿದೆಯ 113ನೆಯ ಪ್ರಕರಣವು ವಿಧಿಸುತ್ತದೆ. 2019ರ ತಿದ್ದುಪಡಿಯಿಂದೀಚೆಗೆ 194ನೆಯ ಪ್ರಕರಣದಲ್ಲಿ ಇದಕ್ಕೆ 20,000 ರೂಪಾಯಿ ದಂಡವನ್ನೂ, ಮೀರಿದ ಪ್ರತಿಯೊಂದು ಟನ್ನಿಗೆ 2,000 ರೂಪಾಯಿಯನ್ನೂ ಗೊತ್ತುಮಾಡಿದೆ. ಹೆಚ್ಚಿನ ಹೊರೆಯನ್ನು ಇಳಿಸುವವರೆಗೂ ಗಾಡಿಯು ಮುಂದಕ್ಕೆ ಹೋಗುವಂತಿಲ್ಲ. ಇಳಿಸುವ ಕೂಲಿಯೂ ಒಡೆಯನದೇ. ಸರಕು ಗಾಡಿಯ ಅಂಚನ್ನೋ ಎತ್ತರದ ಮಿತಿಯನ್ನೋ ಮೀರಿ ಚಾಚಿಕೊಂಡಿದ್ದರೂ ದಂಡವುಂಟು. ಒಂದು ಸರದಿಯ ಬಾಡಿಗೆಯನ್ನು ಉಳಿಸಹೋಗಿ ಇಡೀ ಸುಗ್ಗಿಯ ಲಾಭವನ್ನು ಕಳೆದುಕೊಳ್ಳುವುದು ಯಾವ ಲೆಕ್ಕಕ್ಕೂ ಸರಿಹೋಗದು. ಅತಿಯಾಸೆ ಗತಿಕೇಡೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಆಚರಣೆಗೆ ತರಬೇಕಾದ ಸೂಚನೆಗಳು

1. ನೋಂದಣಿ ಪತ್ರದಿಂದ ಬರಿಗಾಡಿಯ ತೂಕ, ಪೂರ್ಣಭಾರ ಎರಡನ್ನೂ ನೋಡಿ, ಹೊರೆಮಿತಿಯನ್ನು ಚಾಲಕನ ಕಣ್ಣಿಗೆ ಬೀಳುವಲ್ಲಿ ಬರೆದಿಡಿ.

2. ಚಾಲಕ, ಸಹಾಯಕ, ಬರಿಯ ಕ್ರೇಟು, ಹಗ್ಗ, ಟಾರ್ಪಾಲು, ಹೆಚ್ಚಿಗೆ ಸೇರಿಸಿದ ಕಬ್ಬಿಣ ಇವೆಲ್ಲವನ್ನೂ ಹೊರೆಯೊಳಗೆ ಎಣಿಸಿ.

3. ಮೂಕಿಯ ಭಾರವನ್ನು ಎಳೆಯುವ ಗಾಡಿಯ ಹೊರೆಯೆಂದು ತಿಳಿಯಿರಿ.

4. ಎರಡು ಚಕ್ರದ ಟ್ರೇಲರಿನಲ್ಲಿ ಸರಕನ್ನು ಅಚ್ಚಿನ ಮೇಲೂ ಸ್ವಲ್ಪ ಮುಂದಕ್ಕೂ ಜೋಡಿಸಿ. ಭಾರವಾದುದು ಕೆಳಗೆ, ಹಗುರವಾದುದು ಮೇಲೆ ಇರಲಿ.

5. ಕೊಂಡಿಯ ಪಿನ್ನು ಸವೆದಿದೆಯೇ ಎಂದು ದಿನವೂ ನೋಡಿ. ಪಿನ್ನಿಗೆ ತಕ್ಕ ಬೀಗವನ್ನೂ ಜೊತೆಗೆ ರಕ್ಷಣೆಯ ಸರಪಳಿಯನ್ನೂ ಹಾಕದೆ ಹೊರಡಬೇಡಿ.

6. ಟೈರಿನ ಗಾಳಿಯನ್ನು ತಂಪಾಗಿರುವಾಗ ಅಳೆಯಿಸಿ. ಗಾಳಿ ಕಡಿಮೆಯಿರುವ ಟೈರು ಹೊರೆಯ ಕೆಳಗೆ ಕಾದು ಸಿಡಿಯುವುದು.

7. ರಸ್ತೆಗೆ ಬರುವ ಮುನ್ನ ಟ್ರ್ಯಾಕ್ಟರಿನ ಬ್ರೇಕು ತುಳಿಗೆಗಳೆರಡನ್ನೂ ಜೋಡಿಸಿ. ಇಳಿಜಾರಿಗೆ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿ.

8. ಹೊಸ ಟ್ರೇಲರನ್ನು ಮಾಡಿಸುವವರು ಬ್ರೇಕುಳ್ಳದ್ದನ್ನೇ ಮಾಡಿಸಿ. ಬ್ರೇಕಿಲ್ಲದ ಹಳೆಯ ಟ್ರೇಲರನ್ನು ಇಳಿಜಾರಿನ ದಾರಿಯಲ್ಲಿ ಕಡಿಮೆ ಹೊರೆಯೊಡನೆ, ಕಡಿಮೆ ವೇಗದಲ್ಲಿ ನಡೆಸಿ.

9. ಟ್ರೇಲರಿನ ಹಿಂಭಾಗಕ್ಕೂ ಪಕ್ಕಗಳಿಗೂ ಹೊಳೆಯುವ ಪಟ್ಟಿಗಳನ್ನು ಅಂಟಿಸಿ; ಕಬ್ಬಾಗಲಿ ಹುಲ್ಲಾಗಲಿ ಅವನ್ನು ಮರೆಮಾಡದಿರಲಿ.

10. ಹೊರೆಯ ಮೇಲೆ, ಮೂಕಿಯ ಮೇಲೆ, ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸಬೇಡಿ. ಮಕ್ಕಳ ವಿಷಯದಲ್ಲಿ ಇದಕ್ಕೆ ಯಾವ ವಿನಾಯಿತಿಯೂ ಸಲ್ಲದು.

ಮೇಲಿನ ಲೆಕ್ಕಗಳಲ್ಲಿ ಕೂಡಿಕೆ ಕಳೆಯುವಿಕೆಗಳಿಗಿಂತ ಹೆಚ್ಚಿನ ಗಣಿತವೇನೂ ಇಲ್ಲ. ಬಿತ್ತನೆಗೆ ಮುಂಚೆ ಬೀಜವನ್ನೂ ಮಾರಾಟಕ್ಕೆ ಮುಂಚೆ ಧಾರಣೆಯನ್ನೂ ವಿಚಾರಿಸುವ ರೈತನು, ಹೊರಡುವುದಕ್ಕೆ ಮುಂಚೆ ಹೊರೆಯನ್ನೂ ಒಮ್ಮೆ ವಿಚಾರಿಸಿದರೆ ಸಾಕು. ಒಂದೇ ಸಲಕ್ಕೆ ಸಾಗಿಸುವುದನ್ನು ಎರಡು ಸಲಕ್ಕೆ ಸಾಗಿಸಿದರೆ ಕೆಲವು ಲೀಟರು ಎಣ್ಣೆಯೂ ಅರ್ಧ ದಿನವೂ ಹೆಚ್ಚಾಗಿ ವೆಚ್ಚವಾಗಬಹುದು. ಅದರ ಪ್ರತಿಯಾಗಿ ಅಚ್ಚು, ಟೈರು, ಬ್ರೇಕುಗಳ ಆಯುಸ್ಸು ಹೆಚ್ಚುವುದು. ಮಾಲು ಪೇಟೆಯನ್ನೂ, ಗಾಡಿಯೊಡನೆ ಹೋದವರು ಮನೆಯನ್ನೂ ಕ್ಷೇಮವಾಗಿ ಸೇರುವರು.